12 ಬೋರ್ ಪಂಪ್ ಆಕ್ಷನ್ ಮತ್ತು ಅರೆ ಸ್ವಯಂಚಾಲಿತ ಬಂದೂಕುಗಳು: ಮಾದರಿಗಳ ಇತಿಹಾಸ ಹಾಗೂ ಗುಣಮಟ್ಟದ ಬಗ್ಗೆ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಆತ್ಮರಕ್ಷಣೆ, ಬೆಳೆ ರಕ್ಷಣೆ ಅಥವಾ ಗುರಿ ಕ್ರೀಡೆಗಾಗಿ ಶಸ್ತ್ರ ಪರವಾನಗಿ ಕೋರುವವರಲ್ಲಿಯೂ, ಕುಟುಂಬದ ಹಿರಿಯರಿಂದ ಬಂದ ಬಂದೂಕನ್ನು ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಬಯಸುವವರಲ್ಲಿಯೂ ಒಂದು ಗೊಂದಲವು ಸಾಮಾನ್ಯವಾಗಿ ಕಂಡುಬರುತ್ತದೆ. ಒಂದರ ಹಿಂದೊಂದರಂತೆ ಐದಾರು ತೋಟಾ ಹಾರಿಸಬಲ್ಲ ಎಲ್ಲಾ 12 ಬೋರ್ ಬಂದೂಕುಗಳೂ ಒಂದೇ ಬಗೆಯವು ಎಂದು ಭಾವಿಸಲಾಗುತ್ತದೆ. ವಾಸ್ತವವಾಗಿ ಪಂಪ್ ಆಕ್ಷನ್ ಮತ್ತು ಅರೆ ಸ್ವಯಂಚಾಲಿತ ಬಂದೂಕುಗಳು ಯಂತ್ರರಚನೆಯಲ್ಲಿ ಮಾತ್ರವಲ್ಲದೆ ಕಾನೂನಿನ ದೃಷ್ಟಿಯಲ್ಲಿಯೂ ಬೇರೆ ಬೇರೆ. ಈ ವ್ಯತ್ಯಾಸವನ್ನು ತಿಳಿಯದೆ ಮುಂಗಡ ಹಣ ನೀಡಿದ ಖರೀದಿದಾರರು ಆರ್ಥಿಕ ನಷ್ಟಕ್ಕೆ ಗುರಿಯಾಗುವ ಸಂಭವವಿರುತ್ತದೆ. ಹಳೆಯ ಬಂದೂಕಿಗೆ ಹೊಂದದ ತೋಟಾ ಬಳಸಿದಲ್ಲಿ ಪ್ರಾಣಾಪಾಯವೂ ಉಂಟಾಗಬಹುದು.

ಆದ್ದರಿಂದ ಸದರಿ ಬಂದೂಕುಗಳ ಪ್ರಮುಖ ಮಾದರಿಗಳು ಯಾವುವು, ಅವು ಯಾವಾಗ ತಯಾರಾದವು, ಅವುಗಳ ಗುಣಮಟ್ಟ ಹೇಗೆ ಬದಲಾಯಿತು ಮತ್ತು ಖರೀದಿಗೆ ಅಥವಾ ವರ್ಗಾವಣೆಗೆ ಮುನ್ನ ಏನನ್ನು ಪರಿಶೀಲಿಸಬೇಕು ಎಂಬ ವಿವರಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಗೆ ನೀಡಲಾಗಿದೆ. ಇದು ಯಾವುದೇ ತಯಾರಕರ ಪರವಾದ ಶಿಫಾರಸ್ಸು ಆಗಿರುವುದಿಲ್ಲ.

2. ಕೆಲವು ಮೂಲ ಪದಗಳು

2.1 ಬೋರ್: ನಳಿಗೆಯ ಒಳ ಅಳತೆಯನ್ನು ಸೂಚಿಸುವ ಹಳೆಯ ಪದ್ಧತಿ. ಒಂದು ಪೌಂಡ್ ಸೀಸವನ್ನು ಸಮನಾದ 12 ಗುಂಡುಗಳಾಗಿ ಮಾಡಿದಲ್ಲಿ ಒಂದೊಂದು ಗುಂಡಿಗೂ ಇರುವ ವ್ಯಾಸವೇ 12 ಬೋರ್, ಅಂದರೆ ಸುಮಾರು 18.5 ಮಿ.ಮೀ. ಆದ್ದರಿಂದ ಸಂಖ್ಯೆ ಹೆಚ್ಚಾದಂತೆ ನಳಿಗೆ ಕಿರಿದಾಗುತ್ತದೆ. 16 ಬೋರ್ ಸುಮಾರು 16.8 ಮಿ.ಮೀ., 20 ಬೋರ್ ಸುಮಾರು 15.6 ಮಿ.ಮೀ. ಇರುತ್ತದೆ.

2.2 ತೋಟಾ ಕೋಣೆ: ನಳಿಗೆಯ ಹಿಂಭಾಗದಲ್ಲಿ ತೋಟಾ ಕೂರುವ ಸ್ಥಳ. ಇದರ ಉದ್ದ ಎಲ್ಲಾ ಬಂದೂಕುಗಳಲ್ಲಿ ಒಂದೇ ಆಗಿರುವುದಿಲ್ಲ. ಹಳೆಯ ಬಂದೂಕುಗಳಲ್ಲಿ 65 ಅಥವಾ 67 ಮಿ.ಮೀ., ನಂತರದವುಗಳಲ್ಲಿ 70 ಮಿ.ಮೀ. ಮತ್ತು ಮ್ಯಾಗ್ನಂ ಎನ್ನುವವುಗಳಲ್ಲಿ 76 ಮಿ.ಮೀ. ಇರುತ್ತದೆ.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು. ತೋಟಾದ ಮೇಲೆ ಮುದ್ರಿಸಿರುವ ಉದ್ದವು ಹಾರಿಸಿದ ನಂತರ ಬಾಯಿ ಬಿಚ್ಚಿಕೊಂಡ ಕವಚದ ಉದ್ದವಾಗಿರುತ್ತದೆ. ಹಾರಿಸುವ ಮೊದಲು ಬಾಯಿ ಮಡಿಚಿರುವುದರಿಂದ 70 ಮಿ.ಮೀ. ತೋಟಾ 65 ಮಿ.ಮೀ. ಕೋಣೆಯೊಳಗೂ ಸಲೀಸಾಗಿ ಕೂರುತ್ತದೆ. ಹಾರಿಸಿದಾಗ ಬಿಚ್ಚಿಕೊಳ್ಳಲು ಸ್ಥಳವಿಲ್ಲದೆ ಒತ್ತಡವು ವಿಪರೀತವಾಗಿ ಏರುತ್ತದೆ. "ತೋಟಾ ಕೂರುತ್ತದೆ, ಆದ್ದರಿಂದ ಸರಿ" ಎಂಬ ನಂಬಿಕೆ ತಪ್ಪು.

2.3 ಪರವಾನಗಿಯಲ್ಲಿ ಬಳಸುವ ಸಂಕ್ಷೇಪಗಳು: ಎಸ್.ಬಿ.ಬಿ.ಎಲ್. ಎಂದರೆ ಒಂಟಿ ನಳಿಗೆಯ ತೋಟಾ ಬಂದೂಕು. ಡಿ.ಬಿ.ಬಿ.ಎಲ್. ಎಂದರೆ ಜೋಡು ನಳಿಗೆಯ ತೋಟಾ ಬಂದೂಕು. ಎಸ್.ಬಿ.ಎಂ.ಎಲ್. ಎಂದರೆ ಬಾಯಿಯಿಂದ ಮದ್ದು ತುಂಬುವ ಒಂಟಿ ನಳಿಗೆಯ ಬಂದೂಕು, ಅಂದರೆ ಮಲೆನಾಡಿನಲ್ಲಿ ಕೇಪಿನ ಕೋವಿ ಎಂದು ಕರೆಯಲ್ಪಡುವುದು.

3. ಕಾರ್ಯವಿಧಾನ

3.1 ಪಂಪ್ ಆಕ್ಷನ್: ನಳಿಗೆಯ ಕೆಳಗೆ ಕೊಳವೆಯಾಕಾರದ ತೋಟಾ ಸಂಗ್ರಹವಿದ್ದು, ಅದರ ಮೇಲೆ ಹಿಂದೆ ಮುಂದೆ ಜಾರುವ ಹಿಡಿಯಿರುತ್ತದೆ. ಹಿಡಿಯನ್ನು ಹಿಂದಕ್ಕೆ ಎಳೆದಾಗ ಬೋಲ್ಟ್ ತೆರೆದು ಖಾಲಿ ತೋಟಾ ಹೊರಬೀಳುತ್ತದೆ. ಮುಂದಕ್ಕೆ ತಳ್ಳಿದಾಗ ಹೊಸ ತೋಟಾ ಕೋಣೆಗೆ ಸೇರಿ ಬೋಲ್ಟ್ ಭದ್ರವಾಗುತ್ತದೆ. ಎಲ್ಲಾ ಕೆಲಸವೂ ಕೈಬಲದಿಂದ ನಡೆಯುವುದರಿಂದ ತೋಟಾದ ಶಕ್ತಿ ಕಡಿಮೆಯಿರಲಿ, ಹೆಚ್ಚಿರಲಿ ಬಂದೂಕು ಕೆಲಸ ಮಾಡುತ್ತದೆ. ಹಿಡಿಯನ್ನು ಪೂರ್ತಿಯಾಗಿ ಹಿಂದಕ್ಕೆಳೆಯದೆ ಅರ್ಧದಲ್ಲಿಯೇ ಮುಂದಕ್ಕೆ ತಳ್ಳುವುದರಿಂದ ತೋಟಾ ಸಿಕ್ಕಿಕೊಳ್ಳುವುದುಂಟು. ಇದು ಬಳಕೆದಾರರ ಅಭ್ಯಾಸದ ಕೊರತೆಯೇ ಹೊರತು ಸಾಮಾನ್ಯವಾಗಿ ಬಂದೂಕಿನ ದೋಷವಲ್ಲ.

3.2 ಅರೆ ಸ್ವಯಂಚಾಲಿತ: ತೋಟಾ ಸಿಡಿದಾಗ ಉಂಟಾಗುವ ಬಲದಿಂದಲೇ ಖಾಲಿ ತೋಟಾ ಹೊರಬಿದ್ದು ಹೊಸದು ಸೇರುತ್ತದೆ. ಪ್ರತಿ ಬಾರಿಗೂ ಟ್ರಿಗರ್ ಅನ್ನು ಬೇರೆಯಾಗಿ ಒತ್ತಬೇಕು. ಇದರಲ್ಲಿ ಮುಖ್ಯವಾಗಿ ಮೂರು ಪದ್ಧತಿಗಳಿವೆ.

ಅ) ದೀರ್ಘ ಹಿನ್ನೂಕು ಪದ್ಧತಿ: ನಳಿಗೆ ಮತ್ತು ಬೋಲ್ಟ್ ಜೊತೆಯಾಗಿಯೇ ಹಿಂದಕ್ಕೆ ಸರಿಯುತ್ತವೆ. ನಂತರ ಮೊದಲು ನಳಿಗೆ, ಆಮೇಲೆ ಬೋಲ್ಟ್ ಮುಂದಕ್ಕೆ ಬರುತ್ತವೆ.
ಆ) ಅನಿಲ ಪದ್ಧತಿ: ನಳಿಗೆಯಲ್ಲಿರುವ ಸಣ್ಣ ರಂಧ್ರಗಳ ಮೂಲಕ ಬರುವ ಅನಿಲವು ಪಿಸ್ಟನ್ ಅನ್ನು ತಳ್ಳುತ್ತದೆ.
ಇ) ಜಡತ್ವ ಪದ್ಧತಿ: ಬಂದೂಕು ಹಿಂದಕ್ಕೆ ಒದ್ದಾಗ ಬೋಲ್ಟ್‌ನೊಳಗಿನ ಗಟ್ಟಿ ಸ್ಪ್ರಿಂಗ್ ಅದುಮಲ್ಪಟ್ಟು, ನಂತರ ಬೋಲ್ಟ್ ಅನ್ನು ತೆರೆಯುತ್ತದೆ.

4. ಪಂಪ್ ಆಕ್ಷನ್ ಮಾದರಿಗಳು

4.1 ಸ್ಪೆನ್ಸರ್ ಮತ್ತು ವಿಂಚೆಸ್ಟರ್ 1893, 1897

ವಾಣಿಜ್ಯ ದೃಷ್ಟಿಯಿಂದ ಯಶಸ್ವಿಯಾದ ಮೊದಲ ಪಂಪ್ ಆಕ್ಷನ್ ಬಂದೂಕನ್ನು ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಕ್ರಿಸ್ಟೋಫರ್ ಸ್ಪೆನ್ಸರ್ ಅವರ ಕಂಪನಿಯು 1882ರಿಂದ ತಯಾರಿಸಿತು. ತದನಂತರ ಜಾನ್ ಬ್ರೌನಿಂಗ್ ಅವರ ವಿನ್ಯಾಸದಂತೆ ವಿಂಚೆಸ್ಟರ್ ಕಂಪನಿಯು 1893ರ ಮಾದರಿಯನ್ನು ಹೊರತಂದಿತು. ಇದು ಕಪ್ಪು ಮದ್ದಿನ ತೋಟಾಗಳಿಗಾಗಿ ರೂಪಿತವಾಗಿತ್ತು. ಅದೇ ಕಾಲಕ್ಕೆ ಬಳಕೆಗೆ ಬಂದ ಹೊಗೆರಹಿತ ಮದ್ದಿನ ಒತ್ತಡವನ್ನು ತಾಳಿಕೊಳ್ಳುವ ಸಾಮರ್ಥ್ಯ ಇದಕ್ಕೆ ಇರಲಿಲ್ಲ. ಸುಮಾರು 34,000 ಬಂದೂಕುಗಳ ನಂತರ ತಯಾರಿಕೆ ನಿಂತಿತು. 1893ರ ಬಂದೂಕನ್ನು ಹಿಂದಿರುಗಿಸಿದವರಿಗೆ ಕಂಪನಿಯೇ 1897ರ ಮಾದರಿಯನ್ನು ಬದಲಿಯಾಗಿ ನೀಡಿತು. ಆದ್ದರಿಂದ ಎಲ್ಲಿಯಾದರೂ 1893ರ ಮಾದರಿ ಉಳಿದಿದ್ದಲ್ಲಿ ಅದು ಇಂದಿನ ತೋಟಾಗಳಿಗೆ ಸರ್ವಥಾ ಯೋಗ್ಯವಲ್ಲ.

1897ರ ಮಾದರಿಯು 1957ರವರೆಗೆ ತಯಾರಾಯಿತು. ಒಟ್ಟು ಸಂಖ್ಯೆ ಹತ್ತು ಲಕ್ಷವನ್ನು ಮೀರಿತು. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರು ಕಂದಕಗಳಲ್ಲಿ ಇದನ್ನು ಬಳಸಿದ್ದರಿಂದ 1918ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯು ಅಧಿಕೃತವಾಗಿ ಪ್ರತಿಭಟಿಸಿತು; ಅಮೆರಿಕವು ಅದನ್ನು ತಳ್ಳಿಹಾಕಿತು.

ಈ ಬಂದೂಕಿನ ಎರಡು ಲಕ್ಷಣಗಳು ಸುರಕ್ಷತೆಗೆ ಸಂಬಂಧಿಸಿವೆ. ಮೊದಲನೆಯದಾಗಿ, ಕುದುರೆ ಎಂದು ರೂಢಿಯಲ್ಲಿ ಕರೆಯಲಾಗುವ ಹ್ಯಾಮರ್ ಹೊರಗೆ ಕಾಣುವಂತಿದ್ದು, ಪ್ರತ್ಯೇಕವಾದ ಸುರಕ್ಷತಾ ಗುಂಡಿ ಇರುವುದಿಲ್ಲ. ಹ್ಯಾಮರ್ ಅನ್ನು ಅರ್ಧ ಏರಿಸಿಡುವುದೇ ಸುರಕ್ಷತಾ ಕ್ರಮವಾಗಿರುತ್ತದೆ. ಎರಡನೆಯದಾಗಿ, ಟ್ರಿಗರ್ ಒತ್ತಿ ಹಿಡಿದುಕೊಂಡೇ ಹಿಡಿಯನ್ನು ಮುಂದಕ್ಕೆ ತಳ್ಳಿದಲ್ಲಿ ಬೋಲ್ಟ್ ಮುಚ್ಚಿದ ಕ್ಷಣದಲ್ಲಿಯೇ ತೋಟಾ ಹಾರುತ್ತದೆ. ತೋಟಾ ತುಂಬುವಾಗ ಬೆರಳು ಟ್ರಿಗರ್‌ನಿಂದ ಹೊರಗಿರುವುದು ಅತ್ಯಗತ್ಯ.

4.2 ವಿಂಚೆಸ್ಟರ್ ಮಾದರಿ 12

ಟಿ.ಸಿ. ಜಾನ್ಸನ್ ಅವರು ರೂಪಿಸಿದ ಈ ಮಾದರಿಯು 1912ರಲ್ಲಿ ಮೊದಲಿಗೆ 20 ಬೋರ್‌ನಲ್ಲಿ ಹೊರಬಂದಿತು. ಹ್ಯಾಮರ್ ಒಳಗಡೆ ಅಡಗಿರುತ್ತದೆ. ರಿಸೀವರ್ ಎಂಬ ಮುಖ್ಯ ಕವಚವನ್ನು ಬಡಿದು ರೂಪಿಸಿದ ಗಟ್ಟಿ ಉಕ್ಕಿನಿಂದ ಕಡೆದು ತಯಾರಿಸಲಾಗುತ್ತಿತ್ತು. ಭಾಗಗಳ ಜೋಡಣೆಯಲ್ಲಿ ಕುಶಲಕರ್ಮಿಗಳ ಕೈಕೆಲಸವೇ ಪ್ರಧಾನವಾಗಿತ್ತು. ಹಿಡಿಯ ಚಲನೆಯ ನಯಕ್ಕೆ ಇಂದಿಗೂ ಇದನ್ನು ಅಳತೆಗೋಲಾಗಿ ಉಲ್ಲೇಖಿಸಲಾಗುತ್ತದೆ. ಸುಮಾರು 20 ಲಕ್ಷ ಬಂದೂಕುಗಳು ತಯಾರಾದವು.

ಇಷ್ಟೊಂದು ಒಳ್ಳೆಯ ಬಂದೂಕನ್ನು ನಿಲ್ಲಿಸಿದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಲೆಕ್ಕಪತ್ರದಲ್ಲಿದೆ. ಎರಡನೆಯ ಮಹಾಯುದ್ಧದ ನಂತರ ಕೂಲಿ ವೆಚ್ಚ ಏರಿತು. ಕಡೆಯುವ ಮತ್ತು ಕೈಯಿಂದ ಹೊಂದಿಸುವ ಕೆಲಸ ದುಬಾರಿಯಾಯಿತು. ಅಚ್ಚಿನಲ್ಲಿ ಒತ್ತಿ ತೆಗೆದ ಭಾಗಗಳ ಅಗ್ಗದ ಬಂದೂಕುಗಳೊಂದಿಗೆ ಸ್ಪರ್ಧಿಸುವುದು ಅಸಾಧ್ಯವಾಯಿತು. 1964ರ ವೇಳೆಗೆ ನಿಯಮಿತ ತಯಾರಿಕೆ ನಿಂತು, ಮಿಶ್ರ ಅಲ್ಯುಮಿನಿಯಂ ರಿಸೀವರ್ ಹೊಂದಿದ ಮಾದರಿ 1200 ಅದರ ಸ್ಥಾನಕ್ಕೆ ಬಂದಿತು. ವಿಂಚೆಸ್ಟರ್ ಬಂದೂಕುಗಳ ಬಗ್ಗೆ "1964ಕ್ಕಿಂತ ಹಿಂದಿನದು" ಎಂದು ವಿಶೇಷವಾಗಿ ಹೇಳುವ ರೂಢಿ ಈ ಬದಲಾವಣೆಯಿಂದ ಬಂದಿದೆ. ಆದರೆ ಮಾದರಿ 1200ರಲ್ಲಿ ತಿರುಗುವ ಬೋಲ್ಟ್ ನೇರವಾಗಿ ನಳಿಗೆಯ ಉಕ್ಕಿಗೇ ಕಚ್ಚಿಕೊಳ್ಳುವುದರಿಂದ ರಿಸೀವರ್ ಅಲ್ಯುಮಿನಿಯಂ ಆಗಿರುವುದು ಅಪಾಯದ ಸಂಗತಿಯಲ್ಲ. ಹೊಳಪು ಮತ್ತು ಬಲ ಎರಡೂ ಬೇರೆ ಬೇರೆ ವಿಷಯಗಳು ಎಂಬುದನ್ನು ಖರೀದಿದಾರರು ನೆನಪಿಡುವುದು ಸೂಕ್ತ. ಅಮೆರಿಕದ ನ್ಯೂ ಹೇವನ್‌ನಲ್ಲಿದ್ದ ವಿಂಚೆಸ್ಟರ್ ಕಾರ್ಖಾನೆ 2006ರಲ್ಲಿ ಮುಚ್ಚಿತು. ಅದೇ ಹೆಸರಿನ ಎಸ್‌ಎಕ್ಸ್‌ಪಿ ಪಂಪ್ ಬಂದೂಕು ಟರ್ಕಿಯಲ್ಲಿ ತಯಾರಾಗುತ್ತದೆ.

4.3 ಇಥಾಕಾ 37

ಬ್ರೌನಿಂಗ್ ಮತ್ತು ಪೆಡರ್ಸನ್ ಅವರ ವಿನ್ಯಾಸವನ್ನು ಆಧರಿಸಿದ ರೆಮಿಂಗ್ಟನ್ ಮಾದರಿ 17ರ ಪೇಟೆಂಟ್ ಅವಧಿ ಮುಗಿದ ನಂತರ ಇಥಾಕಾ ಕಂಪನಿಯು 1937ರಲ್ಲಿ ಇದನ್ನು ಆರಂಭಿಸಿತು. ತೋಟಾ ತುಂಬುವುದೂ ಖಾಲಿ ತೋಟಾ ಬೀಳುವುದೂ ಕೆಳಭಾಗದ ಒಂದೇ ಕಿಂಡಿಯಿಂದ. ಪಕ್ಕದಲ್ಲಿ ಕಿಂಡಿ ಇಲ್ಲದಿರುವುದರಿಂದ ಮಳೆನೀರು ಮತ್ತು ಕಸ ಒಳಸೇರುವುದು ಕಡಿಮೆ. ಎಡಗೈಯವರಿಗೂ ಅನುಕೂಲ. ಹಳೆಯ ತಯಾರಿಕೆಯ ಇಥಾಕಾ ಬಂದೂಕುಗಳಿಗೂ, ವಿಂಚೆಸ್ಟರ್ ಮಾದರಿ 12ಕ್ಕೂ, ಟ್ರಿಗರ್ ಒತ್ತಿ ಹಿಡಿದು ಹಿಡಿಯನ್ನು ಮುಚ್ಚಿದರೆ ತೋಟಾ ಹಾರುವ ಲಕ್ಷಣವಿದೆ. ಮೇಲ್ಕಂಡ ಎಚ್ಚರಿಕೆ ಇವುಗಳಿಗೂ ಅನ್ವಯಿಸುತ್ತದೆ.

4.4 ರೆಮಿಂಗ್ಟನ್ 870

ರೆಮಿಂಗ್ಟನ್ ಕಂಪನಿಯ ಹಿಂದಿನ ಮಾದರಿ 31 (1931ರಿಂದ 1949) ಗುಣಮಟ್ಟದಲ್ಲಿ ಉತ್ತಮವಾಗಿದ್ದರೂ ಮಾದರಿ 12ರ ಎದುರು ಮಾರಾಟದಲ್ಲಿ ಹಿಂದೆ ಬಿದ್ದಿತು. ಆದ್ದರಿಂದ 1950ರಲ್ಲಿ ಬಂದ 870ರಲ್ಲಿ ವೆಚ್ಚವನ್ನು ಮೊದಲೇ ಲೆಕ್ಕ ಹಾಕಲಾಯಿತು. ತಮ್ಮದೇ ಅರೆ ಸ್ವಯಂಚಾಲಿತ 11-48ರೊಂದಿಗೆ ಭಾಗಗಳನ್ನು ಹಂಚಿಕೊಳ್ಳುವಂತೆ ವಿನ್ಯಾಸ ಮಾಡಲಾಯಿತು. ಚಿಕ್ಕ ಭಾಗಗಳನ್ನು ಅಚ್ಚಿನಲ್ಲಿ ಒತ್ತಿ ತೆಗೆಯಲಾಯಿತು. ಆದರೆ ಬಲ ಬೀಳುವ ಕಡೆ ಉಳಿತಾಯ ಮಾಡಲಿಲ್ಲ. ರಿಸೀವರ್ ಗಟ್ಟಿ ಉಕ್ಕಿನದಾಗಿದ್ದು, ಹಿಡಿಯಿಂದ ಬೋಲ್ಟ್‌ಗೆ ಎರಡು ಪಟ್ಟಿಗಳಿವೆ. ಒಂದೇ ಪಟ್ಟಿಯಿರುವ ಬಂದೂಕುಗಳಲ್ಲಿ ಹಿಡಿ ಓರೆಯಾಗಿ ಬಿಗಿಯುವುದುಂಟು. ಎರಡಿರುವುದರಿಂದ ಆ ತೊಂದರೆ ತಪ್ಪಿತು.

1973ರ ವೇಳೆಗೆ 20 ಲಕ್ಷ ಬಂದೂಕುಗಳು ಮಾರಾಟವಾದವು. ಇದು ಮಾದರಿ 31ರ ಒಟ್ಟು ಸಂಖ್ಯೆಯ ಸುಮಾರು ಹತ್ತರಷ್ಟು. 2009ರ ಏಪ್ರಿಲ್‌ನಲ್ಲಿ ಒಂದು ಕೋಟಿಯನೆಯ 870 ಹೊರಬಂದಿತು.

ಗುಣಮಟ್ಟದ ವಿಷಯದಲ್ಲಿ 870 ಅನ್ನು ಒಂದೇ ಬಂದೂಕೆಂದು ಪರಿಗಣಿಸಲಾಗದು. ವಿಂಗ್‌ಮಾಸ್ಟರ್ ಎಂಬ ಶ್ರೇಣಿಯು ಹೊಳಪು ನೀಲಿ ಲೇಪನ ಮತ್ತು ಉತ್ತಮ ವಾಲ್‌ನಟ್ ಮರದ ಹಿಡಿ ಹೊಂದಿರುತ್ತದೆ. 1987ರಲ್ಲಿ ಬಂದ ಎಕ್ಸ್‌ಪ್ರೆಸ್ ಶ್ರೇಣಿಯು ಮಾಸಲು ಲೇಪನ ಮತ್ತು ಸಾಧಾರಣ ಮರದ, ಕಡಿಮೆ ಬೆಲೆಯ ಬಂದೂಕು. 2007ರಲ್ಲಿ ಕಂಪನಿಯ ಒಡೆತನವು ಒಂದು ಹೂಡಿಕೆ ಸಂಸ್ಥೆಗೆ ಹೋದ ನಂತರದ ವರ್ಷಗಳ ಎಕ್ಸ್‌ಪ್ರೆಸ್ ಬಂದೂಕುಗಳ ಬಗ್ಗೆ ತೋಟಾ ಕೋಣೆ ಒರಟಾಗಿದೆ, ಖಾಲಿ ತೋಟಾ ಅಂಟಿಕೊಳ್ಳುತ್ತದೆ, ಲೇಪನ ಬೇಗನೆ ತುಕ್ಕು ಹಿಡಿಯುತ್ತದೆ ಎಂಬ ದೂರುಗಳು ಬಳಕೆದಾರರಿಂದ ವ್ಯಾಪಕವಾಗಿ ಬಂದವು. ಕಂಪನಿಯು 2018 ಮತ್ತು 2020ರಲ್ಲಿ ಎರಡು ಬಾರಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಬಂದೂಕು ವಿಭಾಗವು ಹೊಸ ಮಾಲೀಕರ ಕೈಗೆ ಹೋಗಿ, 870ರ ತಯಾರಿಕೆ 2021ರಲ್ಲಿ ಮತ್ತೆ ಆರಂಭವಾಯಿತು. ನ್ಯೂಯಾರ್ಕ್ ರಾಜ್ಯದ ಇಲಿಯನ್‌ನಲ್ಲಿದ್ದ ಹಳೆಯ ಕಾರ್ಖಾನೆ 2024ರಲ್ಲಿ ಮುಚ್ಚಿತು. ಹೆಸರು ಒಂದೇ ಆದರೂ ತಯಾರಾದ ವರ್ಷವನ್ನು ನೋಡಿಯೇ ಬೆಲೆ ಕಟ್ಟಬೇಕು.

4.5 ಮಾಸ್‌ಬರ್ಗ್ 500

1919ರಲ್ಲಿ ಸ್ಥಾಪನೆಯಾದ, ಕುಟುಂಬದ ಒಡೆತನದ ಮಾಸ್‌ಬರ್ಗ್ ಕಂಪನಿಯು ಕಾರ್ಲ್ ಬೆನ್ಸನ್ ಅವರ ವಿನ್ಯಾಸದ ಈ ಮಾದರಿಯನ್ನು 1960ರ ದಶಕದ ಆರಂಭದಲ್ಲಿ ಹೊರತಂದಿತು. ಆರಂಭದಿಂದಲೂ ಕಡಿಮೆ ಬೆಲೆಯೇ ಇದರ ಗುರಿ. ರಿಸೀವರ್ ಮಿಶ್ರ ಅಲ್ಯುಮಿನಿಯಂನದು. ಬೋಲ್ಟ್ ನಳಿಗೆಯ ಉಕ್ಕಿಗೆ ಕಚ್ಚಿಕೊಳ್ಳುವುದರಿಂದ ಬಲಕ್ಕೆ ಕೊರತೆಯಿಲ್ಲ. ಸುರಕ್ಷತಾ ಗುಂಡಿ ಮೇಲ್ಭಾಗದಲ್ಲಿ ಹೆಬ್ಬೆರಳಿಗೆ ಸಿಗುವಂತಿದೆ. ಖಾಲಿ ತೋಟಾ ಎಳೆಯಲು ಎರಡು ಕೊಕ್ಕೆಗಳಿವೆ. ರೆಮಿಂಗ್ಟನ್‌ನ ಪೇಟೆಂಟ್ ಮುಗಿದ ನಂತರ, 1970ರಿಂದ, ಇದಕ್ಕೂ ಎರಡು ಪಟ್ಟಿಗಳು ಬಂದವು. ಆದ್ದರಿಂದ ಒಂದೇ ಪಟ್ಟಿಯ ಮಾಸ್‌ಬರ್ಗ್ ಎಂದರೆ ಆರಂಭದ ವರ್ಷಗಳದ್ದೆಂದು ತಿಳಿಯಬಹುದು.

ಹಿಡಿ ಸ್ವಲ್ಪ ಸಡಿಲವಾಗಿ ಅಲುಗಾಡುವುದನ್ನು ಕೆಲವರು ದೋಷವೆಂದು ಭಾವಿಸುತ್ತಾರೆ. ಅದು ಈ ಮಾದರಿಯ ಸಹಜ ಲಕ್ಷಣ. ಅಮೆರಿಕದ ಸೇನೆಯ 3,000 ತೋಟಾಗಳ ಪರೀಕ್ಷಾ ಮಾನದಂಡವನ್ನು ಪೂರೈಸಿದ ಈ ಕುಟುಂಬದ ಬಂದೂಕುಗಳನ್ನು ಅಲ್ಲಿನ ಸೇನೆಯು ಖರೀದಿಸಿದೆ. 2013ರಲ್ಲಿ ಒಂದು ಕೋಟಿಯನೆಯ ಮಾಸ್‌ಬರ್ಗ್ 500 ತಯಾರಾಯಿತು.

4.6 ಭಾರತದಲ್ಲಿ ತಯಾರಿಕೆ

1980ರ ದಶಕದ ಮಧ್ಯಭಾಗದಿಂದ ಸಾಮಾನ್ಯ ಮಾರಾಟಕ್ಕಾಗಿ ವಿದೇಶಿ ಬಂದೂಕುಗಳ ಆಮದು ನಿರ್ಬಂಧಕ್ಕೆ ಒಳಪಟ್ಟಿದೆ. ಆದ್ದರಿಂದ ಪರವಾನಗಿದಾರರ ಬಳಿಯಿರುವ ವಿದೇಶಿ ಬಂದೂಕುಗಳು ಬಹುತೇಕ ಅದಕ್ಕಿಂತ ಹಿಂದಿನವು. ಆ ಕೊರತೆಯಿಂದಾಗಿ ಅವುಗಳಿಗೆ ಕೇಳುವ ಬೆಲೆಯು ಗುಣಮಟ್ಟಕ್ಕೆ ಅನುಗುಣವಾಗಿರುವುದಿಲ್ಲ. ಭಾರತೀಯ ಆರ್ಡ್‌ನನ್ಸ್ ಕಾರ್ಖಾನೆಗಳು ಒಂಟಿ ಮತ್ತು ಜೋಡು ನಳಿಗೆಗಳಲ್ಲದೆ 12 ಬೋರ್ ಪಂಪ್ ಆಕ್ಷನ್ ಬಂದೂಕನ್ನೂ ತಯಾರಿಸಿವೆ. 2021ರ ಅಕ್ಟೋಬರ್ 1ರಂದು ಆರ್ಡ್‌ನನ್ಸ್ ಕಾರ್ಖಾನೆ ಮಂಡಳಿಯನ್ನು ವಿಸರ್ಜಿಸಿ ಏಳು ಸಾರ್ವಜನಿಕ ಉದ್ದಿಮೆಗಳನ್ನಾಗಿ ಮಾಡಲಾಗಿದೆ. ಬಂದೂಕು ತಯಾರಿಕೆಯು ಕಾನ್ಪುರ ಕೇಂದ್ರಿತ ಅಡ್ವಾನ್ಸ್‌ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್‌ಗೆ ಸೇರಿದೆ. ಹಳೆಯ ರಸೀದಿಗಳಲ್ಲಿ ಮಂಡಳಿಯ ಹೆಸರಿರುವುದು ಆಕ್ಷೇಪಣೆಗೆ ಕಾರಣವಾಗುವುದಿಲ್ಲ.

5. ಅರೆ ಸ್ವಯಂಚಾಲಿತ ಮಾದರಿಗಳು

5.1 ಬ್ರೌನಿಂಗ್ ಆಟೋ-5

ಜಗತ್ತಿನ ಮೊದಲ ಯಶಸ್ವಿ ಅರೆ ಸ್ವಯಂಚಾಲಿತ ಚರೆ ಬಂದೂಕು ಇದು. ವಿನ್ಯಾಸಕ ಜಾನ್ ಬ್ರೌನಿಂಗ್ ಅವರು ಪ್ರತಿ ಬಂದೂಕಿಗೂ ಗೌರವಧನ ಕೇಳಿದರು. ವಿಂಚೆಸ್ಟರ್ ಕಂಪನಿಯು ಒಪ್ಪಲಿಲ್ಲ. ರೆಮಿಂಗ್ಟನ್ ಬಳಿಗೆ ಹೋದಾಗ, 1902ರ ಜನವರಿಯಲ್ಲಿ, ಅದರ ಅಧ್ಯಕ್ಷ ಮಾರ್ಸೆಲಸ್ ಹಾರ್ಟ್ಲಿ ಹೃದಯಾಘಾತದಿಂದ ನಿಧನರಾದರು. ಕೊನೆಗೆ ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯಲ್ಲಿ ತಯಾರಿಕೆ ಆರಂಭವಾಯಿತು. ರೆಮಿಂಗ್ಟನ್ ಕೂಡ 1905ರಿಂದ ಪರವಾನಗಿ ಪಡೆದು ಇದನ್ನು ತಯಾರಿಸಿತು. ಅದು ಮುಂದೆ ಮಾದರಿ 11 ಎನಿಸಿತು. 1970ರ ದಶಕದ ಮಧ್ಯದಲ್ಲಿ ತಯಾರಿಕೆಯು ಜಪಾನಿನ ಮಿರೋಕು ಕಾರ್ಖಾನೆಗೆ ವರ್ಗಾವಣೆಗೊಂಡು 1998ರಲ್ಲಿ ನಿಂತಿತು. ರಿಸೀವರ್‌ನ ಹಿಂಭಾಗವು ಚೌಕಾಕಾರವಾಗಿ ಉಬ್ಬಿರುವುದು ಇದರ ಗುರುತು.

ಇದು ದೀರ್ಘ ಹಿನ್ನೂಕು ಪದ್ಧತಿಯ ಬಂದೂಕು. ತೋಟಾ ಸಂಗ್ರಹದ ಕೊಳವೆಯ ಮೇಲಿನ ಘರ್ಷಣೆಯ ಉಂಗುರಗಳನ್ನು ಹಗುರ ತೋಟಾಗೆ ಒಂದು ಬಗೆಯಲ್ಲಿ, ಭಾರ ತೋಟಾಗೆ ಇನ್ನೊಂದು ಬಗೆಯಲ್ಲಿ ಜೋಡಿಸಬೇಕು. ಹಗುರ ಜೋಡಣೆಯಲ್ಲಿಟ್ಟು ಭಾರ ತೋಟಾ ಹಾರಿಸುತ್ತಾ ಬಂದರೆ ಮುಂಭಾಗದ ಮರ ಸೀಳುತ್ತದೆ. ಹಳೆಯ ಆಟೋ-5ರ ಮುಂಭಾಗದ ಮರದಲ್ಲಿ ಬಿರುಕಿದ್ದರೆ ಅದು ಬಹುಪಾಲು ಇದರ ಫಲ. ಹಳೆಯ 16 ಬೋರ್ ಆಟೋ-5ಗಳ ಕೋಣೆ 65 ಮಿ.ಮೀ. ಇರುವುದರಿಂದ ಇಂದಿನ 70 ಮಿ.ಮೀ. ತೋಟಾ ಬಳಸಬಾರದು. 2012ರಲ್ಲಿ ಎ5 ಎಂಬ ಹೆಸರಿನಲ್ಲಿ ಬಂದ ಬ್ರೌನಿಂಗ್ ಬಂದೂಕು ಬೇರೆಯೇ ಯಂತ್ರರಚನೆಯದು.

5.2 ವಿಂಚೆಸ್ಟರ್ 1911

ಬ್ರೌನಿಂಗ್ ಅವರ ಪೇಟೆಂಟ್‌ಗಳನ್ನು ತಪ್ಪಿಸಿ ರೂಪಿಸಬೇಕಾಗಿದ್ದರಿಂದ ಈ ಮಾದರಿಯಲ್ಲಿ ಬೋಲ್ಟ್ ಎಳೆಯಲು ಹಿಡಿಕೆಯೇ ಇಲ್ಲ. ನಳಿಗೆಯನ್ನೇ ಕೈಯಲ್ಲಿ ಹಿಡಿದು ಹಿಂದಕ್ಕೆ ತಳ್ಳಬೇಕು. ತೋಟಾ ಸಿಕ್ಕಿಕೊಂಡಾಗ ಕೆಲವರು ಬಂದೂಕಿನ ಹಿಂಬದಿಯನ್ನು ನೆಲಕ್ಕೂರಿ, ಬಾಯಿ ತಮ್ಮತ್ತ ಇರುವಂತೆ ನಳಿಗೆಯನ್ನು ಅದುಮಿ ಪ್ರಾಣ ಕಳೆದುಕೊಂಡರು. ವಿಧವೆಯರನ್ನು ಮಾಡುವ ಬಂದೂಕು ಎಂಬ ಅಡ್ಡಹೆಸರು ಇದಕ್ಕೆ ಅಂಟಿತು. ಸುಮಾರು 83,000 ಬಂದೂಕುಗಳ ನಂತರ 1925ರಲ್ಲಿ ತಯಾರಿಕೆ ನಿಂತಿತು. ಹಿರಿಯರ ಕಾಲದ ಬಂದೂಕುಗಳಲ್ಲಿ ಈ ಮಾದರಿ ಕಂಡುಬಂದಲ್ಲಿ ಯಾವುದೇ ಕಾರಣಕ್ಕೂ ಸ್ವತಃ ತೆರೆಯಲು ಯತ್ನಿಸದೆ ಪರವಾನಗಿ ಹೊಂದಿದ ದುರಸ್ತಿಗಾರರಿಗೆ ತೋರಿಸತಕ್ಕದ್ದು.

5.3 ರೆಮಿಂಗ್ಟನ್ 1100

1963ರಲ್ಲಿ ಬಂದ ಈ ಅನಿಲ ಪದ್ಧತಿಯ ಬಂದೂಕಿನಲ್ಲಿ ಭುಜಕ್ಕೆ ಬೀಳುವ ಒದೆತ ಕಡಿಮೆ. ತಯಾರಾದ ಸಂಖ್ಯೆ 40 ಲಕ್ಷವನ್ನು ಮೀರಿದೆ. ಅನಿಲದ ಮಸಿ ಕಟ್ಟುವುದರಿಂದ ಕಾಲಕಾಲಕ್ಕೆ ಸ್ವಚ್ಛಗೊಳಿಸಬೇಕು. ಪಿಸ್ಟನ್ ಬಳಿಯ ರಬ್ಬರ್ ಉಂಗುರ ಸವೆದರೆ ಬಂದೂಕು ತಾನಾಗಿ ತೋಟಾ ತುಂಬಿಕೊಳ್ಳುವುದಿಲ್ಲ. "ಕೆಟ್ಟುಹೋಗಿದೆ" ಎಂದು ಬದಿಗಿಟ್ಟ ಎಷ್ಟೋ 1100ಗಳಿಗೆ ಬೇಕಿರುವುದು ಆ ಚಿಕ್ಕ ಉಂಗುರ ಮಾತ್ರ. 1987ರ 11-87 ಮಾದರಿಯು ಹಗುರ ಮತ್ತು ಭಾರ ತೋಟಾಗಳಿಗೆ ತಾನೇ ಹೊಂದಿಕೊಳ್ಳುವಂತೆ ಸುಧಾರಿತವಾಯಿತು.

5.4 ಇಟಲಿಯ ಬಂದೂಕುಗಳು

ಬ್ರೂನೋ ಚಿವೋಲಾನಿ ಅವರು ರೂಪಿಸಿದ ಜಡತ್ವ ಪದ್ಧತಿಯೊಂದಿಗೆ 1967ರಲ್ಲಿ ಬೆನೆಲ್ಲಿ ಕಂಪನಿಯು ಉರ್ಬಿನೋದಲ್ಲಿ ಆರಂಭವಾಯಿತು. ಅನಿಲ ಒಳಗೆ ಬರದ ಕಾರಣ ಮಸಿ ಕಡಿಮೆ, ಭಾಗಗಳೂ ಕಡಿಮೆ. ಆದರೆ ಬಂದೂಕನ್ನು ಭುಜಕ್ಕೆ ಭದ್ರವಾಗಿ ಹಿಡಿಯದಿದ್ದರೆ ಅಥವಾ ತೋಟಾ ಬಹಳ ಹಗುರವಾಗಿದ್ದರೆ ಕೆಲಸ ಕೆಡಬಹುದು. 1999ರಲ್ಲಿ ಅಮೆರಿಕದ ಸೇನೆಯು ಆಯ್ಕೆ ಮಾಡಿದ ಬೆನೆಲ್ಲಿ ಎಂ4 ಮಾತ್ರ ಅನಿಲ ಪದ್ಧತಿಯದು. 1526ರಿಂದ ದಾಖಲೆ ಹೊಂದಿರುವ ಬೆರೆಟ್ಟಾ ಕಂಪನಿಯ ಎ300 ಸರಣಿ ಮತ್ತು ಅದರ ಉತ್ತರಾಧಿಕಾರಿ ಮಾದರಿಗಳು ಅನಿಲ ಪದ್ಧತಿಯವಾಗಿದ್ದು, ಹಾರುವ ಮಣ್ಣಿನ ಬಿಲ್ಲೆಗೆ ಗುರಿಯಿಡುವ ಕ್ರೀಡೆಯಲ್ಲಿ ಹೆಸರುವಾಸಿಯಾಗಿವೆ.

6. ಕಾನೂನಿನ ಸ್ಥಿತಿ

6.1 1959ರ ಶಸ್ತ್ರ ಅಧಿನಿಯಮ ಮತ್ತು 2016ರ ಶಸ್ತ್ರ ನಿಯಮಗಳು ಅನ್ವಯಿಸುತ್ತವೆ. ನಳಿಗೆಯ ಉದ್ದ 20 ಅಂಗುಲಕ್ಕೆ ಕಡಿಮೆಯಿಲ್ಲದ ಪಂಪ್ ಆಕ್ಷನ್ ಬಂದೂಕಿಗೆ ಜಿಲ್ಲಾ ದಂಡಾಧಿಕಾರಿಯವರು, ಪೊಲೀಸ್ ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸ್ ಆಯುಕ್ತರು, ಪರವಾನಗಿ ನೀಡುವ ಪ್ರಾಧಿಕಾರಿಗಳಾಗಿರುತ್ತಾರೆ.

6.2 ಅರೆ ಸ್ವಯಂಚಾಲಿತ ಚರೆ ಬಂದೂಕುಗಳು ಹಾಗೂ 20 ಅಂಗುಲಕ್ಕಿಂತ ಕಡಿಮೆ ಉದ್ದದ ನಳಿಗೆಯ ಬಂದೂಕುಗಳು ನಿಯಮಗಳ ಮೊದಲನೆಯ ಅನುಸೂಚಿಯ ನಿರ್ಬಂಧಿತ ವರ್ಗಕ್ಕೆ ಸೇರುತ್ತವೆ. ಇವುಗಳ ಬಗ್ಗೆ ತೀರ್ಮಾನವು ಕೇಂದ್ರ ಗೃಹ ಸಚಿವಾಲಯದ ವ್ಯಾಪ್ತಿಗೆ ಒಳಪಡುತ್ತದೆ.

6.3 ಅಮೆರಿಕದಲ್ಲಿ ಚರೆ ಬಂದೂಕಿನ ನಳಿಗೆಯ ಕನಿಷ್ಠ ಉದ್ದ 18 ಅಂಗುಲ. ಆದ್ದರಿಂದ ಅಲ್ಲಿ ಮನೆ ರಕ್ಷಣೆಗೆಂದು ಮಾರಾಟವಾಗುವ 870 ಮತ್ತು ಮಾಸ್‌ಬರ್ಗ್ 500ಗಳಲ್ಲಿ 18 ಅಥವಾ 18½ ಅಂಗುಲದ ನಳಿಗೆ ಸಾಮಾನ್ಯ. ಅಂತಹ ಬಂದೂಕು ಪಂಪ್ ಆಕ್ಷನ್ ಆಗಿದ್ದರೂ ಇಲ್ಲಿ ನಿರ್ಬಂಧಿತ ವರ್ಗಕ್ಕೆ ಸೇರುತ್ತದೆ. ಒಂದೂವರೆಯಿಂದ ಎರಡು ಅಂಗುಲದ ಈ ವ್ಯತ್ಯಾಸವನ್ನು ಅಳತೆ ಪಟ್ಟಿ ಹಿಡಿದು ಖಚಿತಪಡಿಸಿಕೊಳ್ಳದೆ ಹಣ ನೀಡಬಾರದು. ಪರವಾನಗಿಯಿಲ್ಲದೆ ನಳಿಗೆಯನ್ನು ಕತ್ತರಿಸಿ ಕಿರಿದಾಗಿಸುವುದು ಶಿಕ್ಷಾರ್ಹ ಅಪರಾಧ.

6.4 2019ರ ತಿದ್ದುಪಡಿಯಂತೆ ಒಬ್ಬ ವ್ಯಕ್ತಿಯು ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಬಂದೂಕುಗಳನ್ನು ಹೊಂದುವಂತಿಲ್ಲ. ಹಿರಿಯರಿಂದ ಬಂದ ಬಂದೂಕುಗಳೂ ಈ ಮಿತಿಗೆ ಒಳಪಡುತ್ತವೆ. ಪರವಾನಗಿಯ ಅವಧಿಯನ್ನು ಮೂರು ವರ್ಷಗಳಿಂದ ಐದು ವರ್ಷಗಳಿಗೆ ಹೆಚ್ಚಿಸಲಾಗಿದೆ. ಸಂಭ್ರಮಾಚರಣೆಯಲ್ಲಿ ಅಜಾಗರೂಕತೆಯಿಂದ ಗುಂಡು ಹಾರಿಸಿದಲ್ಲಿ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂ.ವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

6.5 ಬೆಳೆ ರಕ್ಷಣೆಗೆ ಅಧಿನಿಯಮವು ಮೊದಲು ಹೇಳುವುದು ಬಾಯಿಯಿಂದ ತುಂಬುವ ಬಂದೂಕನ್ನು. ಅದು ಸಾಲದೆಂದು ಪ್ರಾಧಿಕಾರಿಗೆ ಮನವರಿಕೆಯಾದಲ್ಲಿ ಮಾತ್ರ ತೋಟಾ ಬಂದೂಕಿಗೆ ಅವಕಾಶವಿದೆ. ಬೆಳೆ ರಕ್ಷಣೆಯ ಪರವಾನಗಿಯು ಬೇಟೆಗೆ ಅನುಮತಿಯಲ್ಲ. 1972ರ ವನ್ಯಜೀವಿ (ಸಂರಕ್ಷಣಾ) ಅಧಿನಿಯಮವು ಪ್ರತ್ಯೇಕವಾಗಿ ಅನ್ವಯಿಸುತ್ತದೆ.

6.6 ಕೊಡಗಿನಲ್ಲಿ ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೇಂದ್ರ ಸರ್ಕಾರದ ಅಧಿಸೂಚನೆಯಂತೆ ಪರವಾನಗಿಯಿಂದ ವಿನಾಯಿತಿಯಿದ್ದು, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಗಿದೆ. ವಿನಾಯಿತಿಯು ಅಧಿಸೂಚನೆಯಲ್ಲಿ ಹೇಳಿದ ಬಗೆಯ ಬಂದೂಕುಗಳಿಗೆ ಮಾತ್ರ ಸೀಮಿತ.

7. ಹಳೆಯ ಬಂದೂಕು ಖರೀದಿಸುವಾಗ ಪರಿಶೀಲಿಸಬೇಕಾದ ಅಂಶಗಳು

1) ಬಂದೂಕು ಖಾಲಿಯಾಗಿದೆ ಎಂದು ಕೋಣೆ ಮತ್ತು ಕೊಳವೆ ಎರಡನ್ನೂ ನೋಡಿ ಖಚಿತಪಡಿಸಿಕೊಳ್ಳಬೇಕು. ಕೋಣೆ ಖಾಲಿಯಿದ್ದರೂ ಕೊಳವೆಯಲ್ಲಿ ತೋಟಾ ಉಳಿದಿರಬಹುದು.
2) ಬಂದೂಕಿನ ಮೇಲಿನ ಕ್ರಮಸಂಖ್ಯೆ, ಬೋರ್ ಮತ್ತು ತಯಾರಕರ ಹೆಸರು ಮಾರಾಟಗಾರರ ಪರವಾನಗಿಯಲ್ಲಿರುವಂತೆಯೇ ಇರಬೇಕು. ಸಂಖ್ಯೆ ಅಳಿಸಿದ ಅಥವಾ ತಿದ್ದಿದ ಬಂದೂಕನ್ನು ಮುಟ್ಟಬಾರದು.
3) ನಳಿಗೆಯ ಮೇಲೆ ಕೋಣೆಯ ಉದ್ದ ನಮೂದಾಗಿದೆಯೇ ನೋಡಬೇಕು. ಇಲ್ಲದಿದ್ದಲ್ಲಿ ದುರಸ್ತಿಗಾರರಿಂದ ಅಳತೆ ಮಾಡಿಸಬೇಕು.
4) ನಳಿಗೆಯ ಒಳಗೆ ಬೆಳಕು ಹಾಯಿಸಿ ತುಕ್ಕಿನ ಗುಳಿ, ಉಬ್ಬು ಮತ್ತು ತಗ್ಗುಗಳನ್ನು ಪರೀಕ್ಷಿಸಬೇಕು. ಉಬ್ಬಿರುವ ನಳಿಗೆಯನ್ನು ಬಳಸಬಾರದು.
5) ಬೆಲ್ಜಿಯಂನ ಬಂದೂಕುಗಳಲ್ಲಿ ಲಿಯೇಜ್ ಪರೀಕ್ಷಾಲಯದ ಮುದ್ರೆ, ಬ್ರಿಟಿಷ್ ಬಂದೂಕುಗಳಲ್ಲಿ ಲಂಡನ್ ಅಥವಾ ಬರ್ಮಿಂಗ್‌ಹ್ಯಾಂ ಮುದ್ರೆ ಇರುತ್ತದೆ. ಅಮೆರಿಕದಲ್ಲಿ ಸರ್ಕಾರಿ ಪರೀಕ್ಷೆ ಕಡ್ಡಾಯವಲ್ಲ. ತಯಾರಕರ ಸ್ವಂತ ಮುದ್ರೆ ಮಾತ್ರ ಇರುತ್ತದೆ. ಆದ್ದರಿಂದ ಅಮೆರಿಕದ ಬಂದೂಕಿನಲ್ಲಿ ಸರ್ಕಾರಿ ಮುದ್ರೆ ಇಲ್ಲದಿರುವುದು ನಕಲಿ ಎಂಬುದಕ್ಕೆ ಸಾಕ್ಷಿಯಲ್ಲ.
6) ಬೋಲ್ಟ್ ಮುಚ್ಚಿದಾಗ ಭದ್ರವಾಗುತ್ತದೆಯೇ, ಸುರಕ್ಷತಾ ಗುಂಡಿ ಹಾಕಿದಾಗ ಟ್ರಿಗರ್ ನಿಲ್ಲುತ್ತದೆಯೇ ಎಂಬುದನ್ನು ಖಾಲಿ ಬಂದೂಕಿನಲ್ಲಿ ಪರಿಣತರಿಂದ ಪರೀಕ್ಷಿಸಬೇಕು.
7) ಬಿಡಿಭಾಗ ದೊರೆಯುತ್ತದೆಯೇ ಎಂದು ವಿಚಾರಿಸಬೇಕು. ನಯವಾದ ಹಳೆಯ ಬಂದೂಕಿಗಿಂತ ಬಿಡಿಭಾಗ ಸಿಗುವ ಸಾಧಾರಣ ಬಂದೂಕು ಹೆಚ್ಚು ಉಪಯುಕ್ತ.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ತಂದೆಯವರು ತೀರಿಕೊಂಡಿದ್ದಾರೆ. ಅವರ ಬಂದೂಕು ಮನೆಯಲ್ಲಿಯೇ ಇದೆ. ಏನು ಮಾಡಬೇಕು?
ಉತ್ತರ: ವಿಳಂಬ ಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಹೊಂದಿದ ಶಸ್ತ್ರ ವ್ಯಾಪಾರಿಯ ಬಳಿ ಠೇವಣಿ ಇಟ್ಟು ರಸೀದಿ ಪಡೆಯಬೇಕು. ನಂತರ ಕಾನೂನುಬದ್ಧ ವಾರಸುದಾರರು ನಮೂನೆ ಎ-1ರಲ್ಲಿ ಅರ್ಜಿ ಸಲ್ಲಿಸಬಹುದು. ಠೇವಣಿ ಇಟ್ಟ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಪರವಾನಗಿಯಿಲ್ಲದೆ ಮನೆಯಲ್ಲಿ ಇಟ್ಟುಕೊಂಡರೆ ಅಪರಾಧವಾಗುತ್ತದೆ.

ಪ್ರಶ್ನೆ: ತಂದೆಯವರು ಜೀವಂತವಾಗಿದ್ದಾಗಲೇ ವರ್ಗಾಯಿಸಬಹುದೇ?
ಉತ್ತರ: ಪರವಾನಗಿದಾರರಿಗೆ 70 ವರ್ಷ ತುಂಬಿದಲ್ಲಿ ಅಥವಾ ಬಂದೂಕನ್ನು 25 ವರ್ಷ ಹೊಂದಿದ್ದಲ್ಲಿ, ಯಾವುದು ಮೊದಲೋ ಅದರಂತೆ, ಅವರು ಸೂಚಿಸಿದ ವಾರಸುದಾರರ ಹೆಸರಿಗೆ ಪರಿಗಣಿಸಬಹುದು.

ಪ್ರಶ್ನೆ: ಹಿರಿಯರ ಬಂದೂಕು ಬ್ರೌನಿಂಗ್ ಐದು ತೋಟಾದ್ದು. ಅದು ಪಂಪ್ ಆಕ್ಷನ್ ಎಂದು ಬರೆಯಬಹುದೇ?
ಉತ್ತರ: ಜಾರುವ ಹಿಡಿ ಇಲ್ಲದೆ, ಒಂದು ಬಾರಿ ಬೋಲ್ಟ್ ಎಳೆದ ನಂತರ ತಾನಾಗಿಯೇ ತೋಟಾ ತುಂಬಿಕೊಳ್ಳುವುದಾದಲ್ಲಿ ಅದು ಅರೆ ಸ್ವಯಂಚಾಲಿತ. ಹಾಗೆಯೇ ನಮೂದಿಸಬೇಕು. ತಪ್ಪಾಗಿ ನಮೂದಿಸಿದಲ್ಲಿ ಅರ್ಜಿದಾರರೇ ಹೊಣೆಗಾರರಾಗುತ್ತಾರೆ.

ಪ್ರಶ್ನೆ: ಬಂದೂಕನ್ನು ಇನ್ನೊಬ್ಬ ಪರವಾನಗಿದಾರರಿಗೆ ಮಾರಬಹುದೇ?
ಉತ್ತರ: ಕನಿಷ್ಠ 45 ದಿನ ಮುಂಚಿತವಾಗಿ ಜಿಲ್ಲಾ ದಂಡಾಧಿಕಾರಿಯವರಿಗೆ ಅಥವಾ ಹತ್ತಿರದ ಪೊಲೀಸ್ ಠಾಣಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಖರೀದಿಸುವವರ ಪರವಾನಗಿಯಲ್ಲಿ ಆ ಬಗೆಯ ಬಂದೂಕಿಗೆ ಅವಕಾಶವಿರಬೇಕು.

ಪ್ರಶ್ನೆ: ತರಬೇತಿ ಅಗತ್ಯವೇ?
ಉತ್ತರ: ಹೌದು. 2016ರ ನಿಯಮಗಳಂತೆ ಶಸ್ತ್ರ ಸುರಕ್ಷತಾ ತರಬೇತಿ ಪಡೆದು ನಮೂನೆ ಎಸ್-1ರಲ್ಲಿ ಪ್ರಮಾಣಪತ್ರ ಹೊಂದಬೇಕು.

9. ಕೊನೆಯದಾಗಿ

ಹೆಸರಾಂತ ಮಾದರಿ ಎಂಬ ಕಾರಣಕ್ಕೆ ಹೆಚ್ಚು ಬೆಲೆ ನೀಡುವ ಮೊದಲು ಮೂರು ವಿಷಯಗಳನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಒಳ್ಳೆಯದು: ತಯಾರಾದ ವರ್ಷ, ತೋಟಾ ಕೋಣೆಯ ಉದ್ದ, ನಳಿಗೆಯ ಉದ್ದ. ಮೊದಲನೆಯದು ಗುಣಮಟ್ಟವನ್ನೂ, ಎರಡನೆಯದು ಸುರಕ್ಷತೆಯನ್ನೂ, ಮೂರನೆಯದು ಬಂದೂಕಿನ ಕಾನೂನು ವರ್ಗವನ್ನೂ ತಿಳಿಸುತ್ತವೆ. ಖರೀದಿಗೆ ಮುನ್ನ ಸಂಬಂಧಪಟ್ಟ ಜಿಲ್ಲಾಧಿಕಾರಿಗಳ ಕಛೇರಿ ಅಥವಾ ಪೊಲೀಸ್ ಆಯುಕ್ತರ ಕಛೇರಿಯ ಶಸ್ತ್ರ ಪರವಾನಗಿ ಶಾಖೆಯಲ್ಲಿ, ಕಛೇರಿ ವೇಳೆಯಲ್ಲಿ, ಈ ವಿವರಗಳೊಂದಿಗೆ ವಿಚಾರಿಸಿ ಖಚಿತಪಡಿಸಿಕೊಳ್ಳಬೇಕೆಂದು ಕೋರಲಾಗಿದೆ.